ಕೊನೆಯ ಅಕ್ಷರ ಕೇಳಿಸಬೇಕು

ಕನ್ನಡದಲ್ಲಿ ‘ಬೇಡ’ ಎನ್ನುವುದು ಮಾತಿನ ಕೊನೆಗೆ ಬರುತ್ತದೆ. ‘ಕೊಡಬಹುದು’, ‘ಕೊಡಬಾರದು’ ಎರಡಕ್ಕೂ ಆರಂಭ ಒಂದೇ, ವ್ಯತ್ಯಾಸವೆಲ್ಲ ಬಾಲದಲ್ಲಿ. ಮಾತಾಡುವವರ ಉಸಿರು ಇಳಿಯುವುದೂ ಅಲ್ಲಿಯೇ. ನುರಿತ ವೈದ್ಯರು ಕೂಡ ವಾಕ್ಯದ ಕೊನೆಯನ್ನು ನುಂಗಿಬಿಡುತ್ತಾರೆ. ಕೇಳುವವರ ಮನೆಯಲ್ಲಿ ಸರಿಯಾಗಿ ಅದೇ ಹೊತ್ತಿಗೆ ಮಿಕ್ಸಿ ತಿರುಗುತ್ತಿರುತ್ತದೆ, ಇಲ್ಲವೇ ಹಂಚಿನ ಮೇಲೆ ಮಳೆ ಸುರಿಯುತ್ತಿರುತ್ತದೆ. ಮಂಗಳೂರಿನಲ್ಲಿ ರೇಡಿಯೋದ ಆರೋಗ್ಯ ಕಾರ್ಯಕ್ರಮಗಳನ್ನು 30 ವರ್ಷ ಸಂಪಾದಿಸಿದ ನನ್ನ ಕೆಲಸದ ಬಹುಪಾಲು ಈ ಬಾಲವನ್ನು ಕಾಯುವುದರಲ್ಲೇ ಕಳೆದಿದೆ.

ನಾನು ಕೆಲಸ ಕಲಿತದ್ದು ಟೇಪಿನ ಕಾಲದಲ್ಲಿ. ಕಾಲು ಇಂಚು ಅಗಲದ ಟೇಪು ಸೆಕೆಂಡಿಗೆ 7.5 ಇಂಚು ಓಡುತ್ತಿತ್ತು. ಎರಡೂ ಸ್ಪೂಲುಗಳನ್ನು ಕೈಯಿಂದ ಹಿಂದಕ್ಕೂ ಮುಂದಕ್ಕೂ ತಿರುಗಿಸಿ, ಪದ ಮುಗಿಯುವ ಜಾಗ ಸಿಕ್ಕಿದೊಡನೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಅಂಟುಪಟ್ಟಿ ಹಚ್ಚಿ ಜೋಡಿಸುತ್ತಿದ್ದೆವು. ‘ಬಾರದು’ ಎಂಬ ಮಾತು ಹೆಚ್ಚೆಂದರೆ ನಾಲ್ಕು ಇಂಚಿನ ತುಂಡು. ಅದನ್ನು ಬೆರಳಲ್ಲಿ ಹಿಡಿದಾಗ ಕೈ ತಾನಾಗಿ ತಡೆಯುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಆ ತಡೆ ಇಲ್ಲವಾಯಿತು. ನನ್ನ ದೊಡ್ಡ ತಪ್ಪು ಆದದ್ದೂ ಆಮೇಲೆಯೇ.

1990ರ ದಶಕದಿಂದ ಮಂಗಳೂರನ್ನು ಕಾಡಿದ ಮಲೇರಿಯಾದ ಬಗ್ಗೆ ನಾನು ಮಾಡಿದಷ್ಟು ಕಾರ್ಯಕ್ರಮಗಳನ್ನು ಬೇರಾವ ಕಾಯಿಲೆಯ ಬಗ್ಗೆಯೂ ಮಾಡಿಲ್ಲ. ಕಟ್ಟಡ ಕಾಮಗಾರಿಯಲ್ಲಿ ನಿಂತ ನೀರು, ಮುಚ್ಚಳವಿಲ್ಲದ ಟ್ಯಾಂಕಿ, ಅಲ್ಲಿ ಹುಟ್ಟುವ ಅನಾಫಿಲಿಸ್ ಸೊಳ್ಳೆ, ಇಷ್ಟು ನಗರದವರಿಗೆಲ್ಲ ಬಾಯಿಪಾಠ. ಮಾತ್ರೆಯ ಸಂಗತಿ ಹಾಗಲ್ಲ. ವೈವಾಕ್ಸ್ ಎಂಬ ಬಗೆಯ ಮಲೇರಿಯಾದಲ್ಲಿ ಕ್ಲೋರೋಕ್ವಿನ್ ಮಾತ್ರೆ ಮೂರು ದಿನ. ಅಷ್ಟರಲ್ಲಿ ಜ್ವರ ಇಳಿಯುತ್ತದೆ. ಆದರೆ ರೋಗಾಣು ಪಿತ್ತಜನಕಾಂಗದಲ್ಲಿ ಅಡಗಿ ಕುಳಿತಿರುತ್ತದೆ. ಅದನ್ನು ಕೊಲ್ಲುವುದು 14 ದಿನದ ಪ್ರೈಮಾಕ್ವಿನ್. ಅದನ್ನು ಗರ್ಭಿಣಿಯರಿಗೆ ಕೊಡುವುದಿಲ್ಲ. ಇಲ್ಲೂ ‘ಇಲ್ಲ’ ಕೊನೆಗೇ ಬಂತು, ನೋಡಿ.

ನನ್ನ ಆ ದೊಡ್ಡ ತಪ್ಪು ಆದ ದಿನ, ಮಲೇರಿಯಾ ಸಂದರ್ಶನದ ಕಡೆಯ ವಾಕ್ಯದಲ್ಲಿ ವೈದ್ಯರು, ‘ಜ್ವರ ಬಿಟ್ಟಿತೆಂದು ಮಾತ್ರೆ ಬಿಡಬಾರದು’ ಎಂದಿದ್ದರು. ಸಮಯ ಮೀರುತ್ತಿತ್ತು. ಮುಕ್ತಾಯದ ಸಂಗೀತವನ್ನು ಅರ್ಧ ಸೆಕೆಂಡು ಮೊದಲೇ ಏರಿಸಿದೆ. ಒಂದೂವರೆ ತಿಂಗಳ ಬಳಿಕ ಒಬ್ಬ ಮಹಿಳೆ ಫೋನ್ ಮಾಡಿದರು. ಗಂಡ ಗಾರೆ ಕೆಲಸದವರು, ಮತ್ತೆ ಚಳಿಜ್ವರದಿಂದ ಮಲಗಿದ್ದರು. ‘ಜ್ವರ ಬಿಟ್ಟ ಮೇಲೆ ಮಾತ್ರೆ ಬಿಡಬಹುದು ಅಂತ ನೀವೇ ಹೇಳಿದ್ದಲ್ಲವೇ ಅಕ್ಕಾ?’ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಧ್ವನಿಮುದ್ರಣವನ್ನು ತೆಗೆದು ಕೇಳಿದೆ. ‘ಬಿಡ...’ ಎಂಬಲ್ಲಿಗೆ ಕೊಳಲು ಏರಿತ್ತು. ವೈದ್ಯರ ವಾಕ್ಯ ನನಗೆ ಗೊತ್ತಿತ್ತು, ಹಾಗಾಗಿ ಪ್ರತಿ ಸಲವೂ ಅದು ನನಗೆ ಪೂರ್ತಿಯಾಗಿಯೇ ಕೇಳಿಸಿತ್ತು.

ಅಂದಿನಿಂದ ಯಾವ ಆರೋಗ್ಯ ಕಾರ್ಯಕ್ರಮವನ್ನೂ ಹೆಡ್‌ಫೋನಿನಲ್ಲಷ್ಟೇ ಕೇಳಿ ಬಿಟ್ಟುಕೊಟ್ಟಿಲ್ಲ. ಕಿಟಕಿ ತೆರೆದಿಟ್ಟು, ಸಣ್ಣ ಸ್ಪೀಕರಿನಲ್ಲಿ, ವಿಷಯ ಗೊತ್ತಿಲ್ಲದ ಒಬ್ಬರಿಗೆ ಕೇಳಿಸುತ್ತೇನೆ. ಏನು ಮಾಡಬೇಕೆಂದು ಅರ್ಥವಾಯಿತು, ಅದನ್ನು ಅವರ ಬಾಯಲ್ಲೇ ಹೇಳಿಸುತ್ತೇನೆ. ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರಿಗೆ ಪುಸ್ತಕದ ಕನ್ನಡ ಎಲ್ಲಿ ತೊಡಕಾಗುತ್ತದೆ ಎಂಬುದೂ ಆಗಲೇ ತಿಳಿಯುತ್ತದೆ. ‘ದ್ರವಾಹಾರ ಸೇವಿಸಿ’ ಎಂಬುದು ಹೋಗಿ ‘ಗಂಜಿತಿಳಿ, ಸೀಯಾಳ ಕುಡಿಯಿರಿ’ ಎಂದು ಬಂದದ್ದು ಹೀಗೆ. ‘ಬೇಡ’ ಎಂದ ಬೆನ್ನಿಗೇ ಬೇಕಾದದ್ದನ್ನು ಹೇಳಿಸುತ್ತೇವೆ: ಡೆಂಗಿ ಶಂಕೆ ಇದ್ದರೆ ಆಸ್ಪಿರಿನ್, ಐಬುಪ್ರೊಫೇನ್ ಬೇಡ, ಜ್ವರಕ್ಕೆ ವೈದ್ಯರು ಹೇಳಿದ ಅಳತೆಯ ಪ್ಯಾರಾಸಿಟಮಾಲ್ ಸಾಕು.

ಕತ್ತರಿಸಬಾರದ್ದು ಮಾತನ್ನಷ್ಟೇ ಅಲ್ಲ. ಬಿಳಿಸೆರಗಿನ ಬಗ್ಗೆ ಮಾತಾಡಲು ಬಂದ ಗೃಹಿಣಿಯೊಬ್ಬರು ಆ ಪದಕ್ಕೆ ಮುಂಚೆ ಮೂರು ಸೆಕೆಂಡು ಸುಮ್ಮನಾದರು. ಹಿರಿಯ ಸಹೋದ್ಯೋಗಿ ಆ ಮೌನವನ್ನು ತೆಗೆಯಲು ಹೇಳಿದರು. ‘ಮುಟ್ಟು’ ಎಂಬ ಪದವೂ ಬೇಡ, ‘ಆ ದಿನಗಳು’ ಎಂದಿರಲಿ ಎಂದರು. ಎರಡನ್ನೂ ಹಾಗೆಯೇ ಉಳಿಸಿದೆ. ಮನೆಯಲ್ಲಿ ಅದೇ ಮಾತಿಗೆ ತಡವರಿಸುವ ಹೆಂಗಸರು ಆ ಮೂರು ಸೆಕೆಂಡನ್ನು ಗುರುತಿಸುತ್ತಾರೆ ಎಂಬ ನಂಬಿಕೆ ನನ್ನದು.

ವರ್ಷವೂ ನನ್ನನ್ನು ನಿದ್ದೆಗೆಡಿಸುವುದು ಆಟಿ ಅಮಾವಾಸ್ಯೆಯ ಕಾರ್ಯಕ್ರಮ. ಪಾಲೆ ಮರದ ಕೆತ್ತೆಯನ್ನು ಸೂರ್ಯ ಮೂಡುವ ಮುನ್ನ ತಂದು ಕಷಾಯ ಮಾಡಿ ಕುಡಿಯುವುದು ತುಳುನಾಡಿನ ವಾಡಿಕೆ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದರೆ ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ಘೋರ ವಿಷ. ರೇಡಿಯೋದಲ್ಲಿ ಚಿತ್ರ ತೋರಿಸುವಂತಿಲ್ಲ. ಮರವನ್ನು ಮಾತಿನಲ್ಲೇ ನಿಲ್ಲಿಸಬೇಕು. ಪಾಲೆಯಲ್ಲಿ ಒಂದೇ ಗಿಣ್ಣಿನಿಂದ ಐದಾರು, ಏಳು ಎಲೆ ಸುತ್ತಲೂ ಛತ್ರಿಯಂತೆ ಬಿಚ್ಚಿಕೊಂಡಿರುತ್ತವೆ, ಮುರಿದರೆ ಬಿಳಿ ಹಾಲು ಬರುತ್ತದೆ. ಕಾಸರಕದಲ್ಲಿ ಎಲೆಗಳು ಎದುರುಬದುರು ಎರಡೆರಡು, ಬುಡದಿಂದಲೇ ಎದ್ದು ಕಾಣುವ ನರಗಳು, ಹಾಲಿಲ್ಲ. ಬಲ್ಲವರೊಂದಿಗೆ ಹಿಂದಿನ ದಿನ ಹಗಲಲ್ಲೇ ಹೋಗಿ ಮರಕ್ಕೆ ಹಗ್ಗ ಕಟ್ಟಿ ಬನ್ನಿ ಎಂದು ಸೇರಿಸುತ್ತೇವೆ.

ಕಳೆದ ಸಲ ಉಡುಪಿ ಕಡೆಯ ಒಬ್ಬ ಅಜ್ಜನನ್ನು ಅವರ ತೋಟದಲ್ಲೇ ಮಾತಾಡಿಸಿದೆ. ಗುರುತುಗಳನ್ನೆಲ್ಲ ಸೊಗಸಾಗಿ ಹೇಳಿ, ಕೊನೆಗೆ ‘ಹಾಲು ಬಾರದ ಮರವನ್ನು ಮುಟ್ಟಬೇಡಿ’ ಎಂದರು. ‘ಬೇಡಿ’ಯಲ್ಲಿ ದನಿ ಇಳಿಯಿತು. ‘ಅಜ್ಜ, ಅದೊಂದನ್ನು ಇನ್ನೊಮ್ಮೆ ಹೇಳುತ್ತೀರಾ?’ ಎಂದೆ. ಹೇಳಿದರು. ಆಗ ಅಡಿಕೆ ಮರಗಳ ಮೇಲೆ ಗಾಳಿ ಬೀಸಿತು. ಮೂರನೆಯ ಸಲ ಹೇಳಿದ್ದನ್ನು ಇಟ್ಟುಕೊಂಡೆ.