ಹಾಕಿ ಹರಟೆ ಅರ್ಧಕ್ಕೇ ನಿಂತಿತು

2021ರ ಫೆಬ್ರವರಿ 9. ಕೆನಡಾದ ವ್ಯಾಂಕೂವರ್‌ನ ಟಿಎಸ್‌ಎನ್ 1040 ರೇಡಿಯೊದಲ್ಲಿ (1040 ಎಂಬುದು ಅದರ ಎಎಂ ಫ್ರೀಕ್ವೆನ್ಸಿ) ಬೆಳಗಿನ ಕ್ರೀಡಾ ಹರಟೆ ನಡೆದಿತ್ತು. ಜಾಹೀರಾತಿಗೆಂದು ನಿಂತ ಮಾತು ಮತ್ತೆ ಶುರುವಾಗಲೇ ಇಲ್ಲ. ಸ್ಟೇಷನ್ ಮುಚ್ಚಿದ್ದೇವೆ ಎಂಬ ಪ್ರಕಟಣೆ ಬಂತು, ಜೊತೆಗೊಂದು ವಿದಾಯದ ಹಾಡು. ಅಷ್ಟೇ. ಅದೇ ದಿನ ವಿನಿಪೆಗ್, ಹ್ಯಾಮಿಲ್ಟನ್ ಸ್ಟೇಷನ್‌ಗಳ ಕ್ರೀಡಾ ಮಾತೂ ನಿಂತಿತು.

ನಮಗೆ ರೇಡಿಯೊ ಕ್ರೀಡೆ ಎಂದರೆ ಕಾಮೆಂಟರಿ. ಅಲ್ಲಿ ಮ್ಯಾಚ್ ಮುಗಿದ ಮೇಲೇ ಅಸಲಿ ಆಟ. ಕೋಚ್‌ನನ್ನು ಯಾಕೆ ತೆಗೆಯಬೇಕು ಎಂದು ಕೇಳುಗರು ಫೋನ್ ಮಾಡಿ ಜಗಳಾಡುತ್ತಾರೆ. ಊರ ಕಟ್ಟೆ ಹರಟೆಗೆ ಮೈಕ್ ಕೊಟ್ಟ ಹಾಗೆ. ಟೊರಾಂಟೊದಲ್ಲಿ 1992ರಲ್ಲಿ 'ದಿ ಫ್ಯಾನ್' ಎಂಬ ಇಂಥ ಹರಟೆ ಸ್ಟೇಷನ್ ಶುರುವಾಯಿತು. ಮರುತಿಂಗಳೇ ಊರಿನ ಬ್ಲೂ ಜೇಸ್ ತಂಡ ಬೇಸ್‌ಬಾಲ್‌ನ ವರ್ಲ್ಡ್ ಸೀರೀಸ್ ಗೆದ್ದಿತು. ಹರಟೆಗೆ ಇನ್ನೇನು ಬೇಕು!

ಇದನ್ನು ದೇಶಕ್ಕೆಲ್ಲ ಹಂಚೋಣ ಎಂದು ಹೊರಟದ್ದು ಚಮ್ ಎಂಬ ರೇಡಿಯೊ ಕಂಪನಿ. 2001ರ ಮೇನಲ್ಲಿ, ಹಳೇ ಹಾಡುಗಳ ತನ್ನ 1050 ಸ್ಟೇಷನ್ನನ್ನೇ ತಲೆಯಾಗಿಸಿ 'ದಿ ಟೀಮ್' ಜಾಲ ಕಟ್ಟಿತು. ಲೆಕ್ಕ ಸರಳ: ಟೊರಾಂಟೊದಲ್ಲಿ ಒಬ್ಬರು ಮಾತಾಡಿದರೆ ಹತ್ತು ಊರಿನ ಸಂಬಳ ಉಳಿಯುತ್ತದೆ. ಆದರೆ ವ್ಯಾಂಕೂವರ್‌ನವನಿಗೆ ಬೇಕಾದದ್ದು ತನ್ನೂರಿನ ಐಸ್ ಹಾಕಿ ತಂಡ ಕನಕ್ಸ್‌ನ ಸುದ್ದಿ. ಟೊರಾಂಟೊದ ಹಾಕಿ ತಂಡ ಮೇಪಲ್ ಲೀಫ್ಸ್‌ನ ಪುರಾಣ ಕೇಳಿ ಅವನೇನು ಮಾಡಬೇಕು? ಇತ್ತ ಟೊರಾಂಟೊದಲ್ಲೇ ಫ್ಯಾನ್ ಎದುರು ಟೀಮ್ ಏಳಲಿಲ್ಲ. 2002ರ ಆಗಸ್ಟ್‌ನಲ್ಲಿ ಜಾಲ ಬಿಚ್ಚಿಹೋಯಿತು, 1050ಕ್ಕೆ ಹಳೇ ಹಾಡು ವಾಪಸ್. ಉಳಿದದ್ದು ವ್ಯಾಂಕೂವರ್, ಒಟ್ಟಾವಾ, ಮಾಂಟ್ರಿಯಲ್‌ನಂಥ ಕಡೆ, ತಮ್ಮೂರ ತಂಡದ ಮಾತಾಡಿದವರು. ಜಾಲ ಸತ್ತರೂ ಕಟ್ಟೆ ಬದುಕಿತು ಅನ್ನಿ.

ಮುಂದೆ ಈ ಸ್ಟೇಷನ್‌ಗಳು ಟೆಲಿಫೋನ್ ಕಂಪನಿ ಬೆಲ್ ಕೈಗೆ ಬಂದವು. 2011ರಲ್ಲಿ ಅದೇ 1050ರಿಂದ ಟಿಎಸ್‌ಎನ್ ರೇಡಿಯೊ ಶುರು. ಟಿಎಸ್‌ಎನ್ ಎಂಬ ಕ್ರೀಡಾ ಟಿವಿ ಚಾನೆಲ್ಲಿನ ಹೆಸರಿತ್ತು, ಊರೂರಿನ ನಿರೂಪಕರೂ ಇದ್ದರು. ಹಳೇ ತಪ್ಪು ತಿದ್ದಿಕೊಂಡಂತೆಯೇ ಕಂಡಿತು. ಆದರೆ 2017ರಲ್ಲಿ ವ್ಯಾಂಕೂವರ್‌ಗೆ ಎದುರಾಳಿ ಕಂಪನಿ ರೋಜರ್ಸ್‌ನ ಸ್ಪೋರ್ಟ್ಸ್‌ನೆಟ್ 650 ಸ್ಟೇಷನ್ ಬಂದು ಕನಕ್ಸ್ ಪ್ರಸಾರದ ಹಕ್ಕನ್ನೇ ಎತ್ತಿಕೊಂಡು ಹೋಯಿತು. ಎಎಂ ರೇಡಿಯೊಗೆ ಎತ್ತರದ ಟವರು, ಜಾಸ್ತಿ ಜಾಗ ಬೇಕು. ಕೇಳುಗರ ಕಿವಿಯೋ ಮೊಬೈಲಿನ ಕಡೆ ವಾಲಿತ್ತು.

ನನ್ನ ಮಟ್ಟಿಗೆ ಎರಡೂ ಸಾವು ಒಂದೇ ಅಲ್ಲ. 2002ರಲ್ಲಿ ಕೈಕೊಟ್ಟದ್ದು ಕೇಳುಗರು. 2021ರಲ್ಲಿ ಕೇಳುಗರು ಅಲ್ಲೇ ಕೂತಿದ್ದರು, ಅಂಗಡಿಯವರೇ ಎದ್ದು ಹೋದರು.

1040ರಲ್ಲಿ ಆಮೇಲೆ ರೆಕಾರ್ಡ್ ಮಾಡಿದ ಕಾಮಿಡಿ ಬಂತು. 2023ರ ಜೂನ್‌ನಲ್ಲಿ ಬೆಲ್ 1,300 ಕೆಲಸ ಕಡಿತ ಮಾಡಿ ಆರು ಸ್ಟೇಷನ್ ಮುಚ್ಚಿದಾಗ ಅದೂ ಹೋಯಿತು, ಎಡ್ಮಂಟನ್‌ನ ಟಿಎಸ್‌ಎನ್ 1260 ಕೂಡ. ವ್ಯಾಂಕೂವರ್‌ನ ಹಳೇ ನಿರೂಪಕರಲ್ಲಿ ಕೆಲವರು ಎದುರಾಳಿ 650ಕ್ಕೆ ಸೇರಿದ್ದರು. ಇನ್ನು ಕೆಲವರು ಪಾಡ್‌ಕಾಸ್ಟ್ ಶುರುಮಾಡಿ, ಅದೇ ಕನಕ್ಸ್ ಜಗಳ ಮುಂದುವರಿಸಿದರು.