ಒಂದೇ ಪದ್ಯ, ಹಲವು ಓದು: ಚಿತ್ರಕಾವ್ಯದ ವಾದ ಎಲ್ಲಿಂದ ಬಂತು?

ಮೇಲಿಂದ ಕೆಳಗೆ ಓದಿದರೆ ಒಂದರ್ಥ, ಕೆಳಗಿಂದ ಮೇಲೆ ಓದಿದರೆ ಮತ್ತೊಂದು. ಅಕ್ಷರ ಜೋಡಿಸುವ ಜಾಣ್ಮೆಯ ಮೇಲೆ ನಿಂತ ಇಂಥ ಪದ್ಯಗಳಿಗೆ ಚಿತ್ರಕಾವ್ಯ ಎಂದು ಹೆಸರು. ಇವು ಮೊಬೈಲಿನಲ್ಲಿ ಓಡಾಡಿದಾಗೆಲ್ಲ ಹಳೇ ವಾದ ಏಳುತ್ತದೆ: ಇದು ಕವಿತೆಯೋ, ಬರೀ ಕಸರತ್ತೋ? ಹೊರದೇಶದ ಪ್ರಯೋಗದ ನಕಲು ಎನ್ನುವವರೂ ಉಂಟು. ಆದರೆ ಈ ವಾದಕ್ಕೆ ಸಾವಿರ ವರ್ಷ ಮಿಕ್ಕ ವಯಸ್ಸಾಗಿದೆ.

ಭಾರವಿಯ ಸಂಸ್ಕೃತ ಮಹಾಕಾವ್ಯ ಕಿರಾತಾರ್ಜುನೀಯದ 15ನೇ ಸರ್ಗದಲ್ಲಿ ಸರ್ವತೋಭದ್ರ ಎಂಬ ಬಂಧವಿದೆ. ಬಂಧವೆಂದರೆ ಅಕ್ಷರಗಳನ್ನು ಒಂದು ಆಕಾರದಲ್ಲಿ ಕೂರಿಸಿದ ಪದ್ಯ. 'ದೇವಾಕಾನಿನಿ ಕಾವಾದೇ' ಅದರ ಮೊದಲ ಪಾದ. ಪಾದಕ್ಕೆ 8 ಅಕ್ಷರದಂತೆ ನಾಲ್ಕು ಪಾದ. ಮನೆ ಹಾಕಿ ಒಂದರ ಕೆಳಗೊಂದು ಬರೆದು, ಅವೇ ಪಾದಗಳನ್ನು ಕೊನೆಯಿಂದ ಮೊದಲಿಗೆ ಮತ್ತೆ ಕೆಳಗೆ ಸೇರಿಸಿದರೆ 64 ಮನೆಯಾಗುತ್ತದೆ. ಎಡ, ಬಲ, ಮೇಲೆ, ಕೆಳಗೆ, ಎತ್ತಲಿಂದ ಹೊರಟರೂ ಅದೇ ಪದ್ಯ ಸಿಗುತ್ತದೆ. ಭಾರವಿಯ ಹೆಸರು ನಮ್ಮ ನಾಡಿಗೆ ಹೊಸದಲ್ಲ. 634ರ ಐಹೊಳೆ ಶಾಸನದಲ್ಲೇ ಅದಿದೆ.

ಸುಮಾರು 850ರ ಕವಿರಾಜಮಾರ್ಗ ಈ ಜಾಣ್ಮೆಯನ್ನು ಶಬ್ದಾಲಂಕಾರಗಳ ಜತೆ ಚರ್ಚಿಸಿತು. ಅದೇ ಶತಮಾನದಲ್ಲಿ ಕಾಶ್ಮೀರದ ಕಾವ್ಯಮೀಮಾಂಸಕ ಆನಂದವರ್ಧನ ಚಿತ್ರಕಾವ್ಯವನ್ನು ಕಾವ್ಯದ ಅನುಕರಣೆ ಎಂದು ಕೆಳಗಿಟ್ಟ. ಆಮೇಲೆ ಶತಮಾನಗಟ್ಟಲೆ ಕವಿಗಳು ಬಂಧ ಕಟ್ಟುತ್ತಲೇ ಹೋದರು, ಪಂಡಿತರು ಮೆಚ್ಚುತ್ತಲೇ ಮೂಗೂ ಮುರಿದರು.

ಮಲೆನಾಡಿನ ಕಡೆಯಿಂದ ನೋಡಿದರೆ ಈ ಕಥೆಗೆ ಬೇರೆ ಕವಲಿದೆ. 12ನೇ ಶತಮಾನದ ಅಲ್ಲಮಪ್ರಭು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವನೆಂದು ಪ್ರತೀತಿ. ಒಗಟಿನಂತಿರುವ ಅವನ ಬೆಡಗಿನ ವಚನಗಳಲ್ಲಿ ಅಕ್ಷರದ ಮನೆಗಳಿಲ್ಲ, ಚಕ್ರದ ಆಕಾರವಿಲ್ಲ, ಪದ್ಮದ ಆಕಾರವಿಲ್ಲ. ಆದರೂ ಮೇಲ್ನೋಟಕ್ಕೆ ಒಂದು ಚಿತ್ರ, ಒಳಗೆ ಸಾಧನೆಯ ಇನ್ನೊಂದು ದಾರಿ. ಮುಂದೆ ಅವಕ್ಕೆ ಟೀಕೆಗಳು ಹುಟ್ಟಿದ್ದೇ ಒಂದು ಓದಿನಲ್ಲಿ ಅವು ಮುಗಿಯಲಿಲ್ಲವೆಂದು. ಇದನ್ನು ಯಾರೂ ಕಸರತ್ತು ಅನ್ನಲಿಲ್ಲ. ಬಂಧಕ್ಕೊಂದು ನ್ಯಾಯ, ಬೆಡಗಿಗೊಂದು ನ್ಯಾಯ ಯಾಕೆ ಎಂಬುದಕ್ಕೆ ನೇರ ಉತ್ತರ ನನಗಂತೂ ಎಲ್ಲೂ ಸಿಕ್ಕಿಲ್ಲ.

ಮೂರನೆಯದು ದನಿಯ ದಾರಿ. ಶಿವಮೊಗ್ಗದ ಪಕ್ಕ, ತುಂಗೆಯ ಒಂದು ದಡದಲ್ಲಿ ಮತ್ತೂರು, ಇನ್ನೊಂದು ದಡದಲ್ಲಿ ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಗೆ, ಹೆಸರಾದ ಹೊಸಹಳ್ಳಿ. ಗಮಕಿಯ ಅರ್ಧ ವಿದ್ಯೆ ಪದ ಬಿಡಿಸುವುದರಲ್ಲಿದೆ. 'ಕಾಡಿನಲಿವಳು' ಎಂದು ಕೂಡಿಸಿ ಬರೆದದ್ದನ್ನು ತಗೊಳ್ಳಿ. 'ಕಾಡಿನಲಿ' ಎಂದು ನಿಂತು 'ಇವಳು' ಎಂದರೆ ಅವಳು ಅಡವಿಯಲ್ಲಿದ್ದಾಳೆ. 'ಕಾಡಿ' ಎಂದು ನಿಂತು 'ನಲಿವಳು' ಎಂದರೆ ಯಾರನ್ನೋ ಕಾಡಿಸಿ ಖುಷಿಪಡುತ್ತಿದ್ದಾಳೆ. ಇದೇ ಸಭಂಗ ಶ್ಲೇಷ. ಹಳಗನ್ನಡದ ಓಲೆಗಳಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಎಲ್ಲಿ ನಿಲ್ಲಬೇಕೆಂದು ಓದುವವರೇ ತೀರ್ಮಾನಿಸಬೇಕಿತ್ತು. ಅಚ್ಚು ಬಂದ ಮೇಲೆ ಆ ತೀರ್ಮಾನ ಸಂಪಾದಕರದಾಯಿತು. ಬಿಡಿಸಿ ಅಚ್ಚುಹಾಕಿದ್ದರಿಂದ ಓದು ಸುಲಭವಾಯಿತು, ನಿಜ. ಎರಡನೇ ಓದು ಅಡಿಟಿಪ್ಪಣಿಗೆ ಹೋಯಿತು, ಎಷ್ಟೋ ಕಡೆ ಅಲ್ಲಿಗೂ ಬರಲಿಲ್ಲ.

ನವ್ಯದ ಕಾಲಕ್ಕೆ ಛಂದಸ್ಸೇ ಸಡಿಲಾಯಿತು. 1960ರ ದಶಕದಲ್ಲಿ ಗೋಪಾಲಕೃಷ್ಣ ಅಡಿಗರು ಸಾಗರದ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದಾಗ ಕನ್ನಡದಲ್ಲಿ ಮಾತೆಲ್ಲ ಪ್ರತಿಮೆಯ ಬಹ್ವರ್ಥದ್ದು. ಅಕ್ಷರದ ಬಹ್ವರ್ಥ ಪಂಡಿತರ ಪಾಲಿಗೆ ಉಳಿಯಿತು. ಅದು ಈಗಲೂ ಜೀವಂತವಾಗಿರುವುದು, ಹಲವರ ಸವಾಲುಗಳನ್ನು ಒಬ್ಬರೇ ಒಟ್ಟಿಗೆ ನಿಭಾಯಿಸುವ ಅವಧಾನದ ವೇದಿಕೆಯಲ್ಲಿ. ಅಷ್ಟಾವಧಾನದ ಎಂಟು ಅಂಗಗಳಲ್ಲಿ ಚಿತ್ರಕವಿತೆಯೂ ಒಂದು. ಪ್ರಶ್ನೆ ಹಾಕುವ ಪೃಚ್ಛಕರು ಬಂಧವನ್ನೂ ವಸ್ತುವನ್ನೂ ಕೇಳುತ್ತಾರೆ, ಅವಧಾನಿ ಸಭೆಯೆದುರೇ ಅದನ್ನು ತುಂಬಬೇಕು. ಅಲ್ಲಿ ಚಪ್ಪಾಳೆ ತಟ್ಟಿದ ಹುಡುಗರಿಗೆ ತರಗತಿಯಲ್ಲಿ ಬಂಧದ ಹೆಸರು, ಲಕ್ಷಣ ಸಿಕ್ಕರೆ ಹೆಚ್ಚು. ಚೌಕುಳಿ ಹಾಳೆ, ಪೆನ್ಸಿಲ್ ಕೊಟ್ಟು ಭಾರವಿಯ ಆ 32 ಅಕ್ಷರಗಳನ್ನು ಅವರಿಂದಲೇ ತುಂಬಿಸಲು ಒಂದು ಪಿರಿಯಡ್ ಸಾಕು.