ನಾಯಕನ ಗಡ್ಡವೂ ಅಜ್ಜಿಯ ರೊಟ್ಟಿಯೂ

ವಿಜಯಪುರದ ನಮ್ಮ ಓಣಿಯ ಕೊನೆಗೆ ಒಂದು ಕ್ಷೌರದಂಗಡಿ ಇದೆ. ದೊಡ್ಡ ಸಿನಿಮಾ ಬಿಡುಗಡೆಯಾದ ವಾರ ಅಲ್ಲಿ ಹೈಸ್ಕೂಲು ಹುಡುಗರು ಸಾಲುಗಟ್ಟುತ್ತಾರೆ. ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲ ಮೊಬೈಲಿನಲ್ಲೂ ಒಂದೇ ಮುಖ. ಆ ಸಾಲಿನ ಹುಡುಗನೊಬ್ಬನ ತಾಯಿ ಕಳೆದ ವರ್ಷ ನಮ್ಮ ಮನೆಗೆ ಬಂದು ಕಣ್ಣೀರು ಹಾಕಿದರು. ಮಗ ಆ ನಟನಂತೆ ನಡೆಯುತ್ತಾನೆ, ಆ ನಟನಂತೆ ಮಾತಾಡುತ್ತಾನೆ, ಇನ್ನೂ ಮೂಡಿಯೇ ಇರದ ಗಡ್ಡಕ್ಕೆ ದಿನವೂ ಎಣ್ಣೆ ತಿಕ್ಕುತ್ತಾನೆ. "ಯಾರೋ ಏನೋ ಮಾಡಿಸಿದ್ದಾರೆ ಮಾಸ್ತರೇ" ಎಂದು ಹೇಳಿ, ಅವನ ತೋಳಿಗೆ ಕಟ್ಟಿಸಿದ ತಾಯತದ ವಿಷಯವನ್ನೂ ತಿಳಿಸಿದರು. ಕಟ್ಟಿದವನು ಎಷ್ಟು ತೆಗೆದುಕೊಂಡ ಎಂದು ಕೇಳಿದೆ. ಎರಡು ತಿಂಗಳು ಹಾಲು ಮಾರಿ ಕೂಡಿಟ್ಟಿದ್ದ ಹಣ! ಅಂದು ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಹುಡುಗನಿಗೆ ಯಾರೂ ಏನೂ ಮಾಡಿಸಿಲ್ಲ. ಮನುಷ್ಯನ ಮಿದುಳು ಯಾವ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆಯೋ ಅದನ್ನೇ ಅವನದೂ ಮಾಡುತ್ತಿದೆ. ಆ ಕೆಲಸದ ಹೆಸರು ಅನುಕರಣೆ.

2005ರಲ್ಲಿ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ ಎಂಬ ವಿಜ್ಞಾನಿಗಳು ಒಂದು ಪೆಟ್ಟಿಗೆ ಮಾಡಿಸಿದರು. ಒಳಗೆ ಬಹುಮಾನ. ಒಬ್ಬರು ಮೊದಲು ಪೆಟ್ಟಿಗೆಯ ನೆತ್ತಿಯ ತೂತಿನಲ್ಲಿ ಕೋಲು ತೂರಿಸಿ ಕುಟ್ಟುತ್ತಾರೆ, ಆಮೇಲೆ ಮುಂದಿನ ಬಾಗಿಲಿನಿಂದ ಬಹುಮಾನ ತೆಗೆಯುತ್ತಾರೆ. ಕುಟ್ಟುವುದರಿಂದ ಕವಡೆಯಷ್ಟೂ ಉಪಯೋಗವಿಲ್ಲ. ಪೆಟ್ಟಿಗೆ ಕಪ್ಪಗಿದ್ದಾಗ ಚಿಂಪಾಂಜಿಗಳು ಎರಡನ್ನೂ ಮಾಡಿದವು. ಪೆಟ್ಟಿಗೆಯನ್ನು ಪಾರದರ್ಶಕವಾಗಿ ಮಾಡಿ, ಕುಟ್ಟುವುದು ವ್ಯರ್ಥವೆಂದು ಕಣ್ಣಿಗೆ ಕಾಣುವಂತಾದಾಗ ಅವು ಅದನ್ನು ಬಿಟ್ಟು ನೇರವಾಗಿ ಬಾಗಿಲಿಗೆ ಕೈ ಹಾಕಿದವು. ಆದರೆ ಮೂರು-ನಾಲ್ಕು ವರ್ಷದ ಮನುಷ್ಯ ಮಕ್ಕಳು? ಎಲ್ಲ ಕಾಣುತ್ತಿದ್ದರೂ ಶ್ರದ್ಧೆಯಿಂದ ಕುಟ್ಟಿದರು.

ಚಿಂಪಾಂಜಿಯೇ ಜಾಣ, ಮಗುವೇ ದಡ್ಡ ಎನಿಸಿತೇ? ಹಾಗಾದರೆ ಅಡುಗೆಮನೆಗೆ ಬನ್ನಿ. ಅಜ್ಜಿ ಜೋಳದ ರೊಟ್ಟಿ ಮಾಡುತ್ತಿದ್ದಾಳೆ, ಮೊಮ್ಮಗಳು ನೋಡುತ್ತಿದ್ದಾಳೆ. ಅಜ್ಜಿ ಬಳೆಗಳನ್ನು ಮೊಣಕೈಯತ್ತ ಸರಿಸುತ್ತಾಳೆ, ಹಿಟ್ಟಿಗೆ ಕುದಿಯುವ ಎಸರು ಹಾಕುತ್ತಾಳೆ, ಮಿದ್ದುತ್ತಾಳೆ, ಬಡಿಯುತ್ತಾಳೆ, ಹಂಚಿಗೆ ಹಾಕಿ ಒದ್ದೆ ಬಟ್ಟೆಯಿಂದ ನೀರು ಸವರುತ್ತಾಳೆ. ಇವುಗಳಲ್ಲಿ ಯಾವುದು ಮುಖ್ಯ? ಗೋಧಿಯಲ್ಲಿರುವಂಥ ಅಂಟು ಜೋಳದಲ್ಲಿಲ್ಲ. ಬಿಸಿನೀರು ಪಿಷ್ಟವನ್ನು ಉಬ್ಬಿಸಿ ಜಿಗುಟು ಮಾಡದಿದ್ದರೆ ರೊಟ್ಟಿ ಅಂಚಿನಿಂದಲೇ ಬಿರಿಯುತ್ತದೆ. ಇದು ಅಜ್ಜಿಗೂ ಗೊತ್ತಿಲ್ಲ, ಅವಳ ಅಜ್ಜಿಗೂ ಗೊತ್ತಿರಲಿಲ್ಲ. ನೋಡುವ ಕಣ್ಣಿಗೆ ತಣ್ಣೀರೂ ಹಿಟ್ಟನ್ನು ಒದ್ದೆ ಮಾಡುತ್ತದೆ. ಜಾಣ ಚಿಂಪಾಂಜಿಯಾಗಿದ್ದರೆ ಒಲೆ ಹೊತ್ತಿಸುವ ಗೋಜೇಕೆ ಎಂದು ಎಸರನ್ನೇ ಬಿಟ್ಟುಬಿಡುತ್ತಿತ್ತು. ಮೊಮ್ಮಗಳು ಬಿಡುವುದಿಲ್ಲ. ಬಳೆ ಸರಿಸುವುದನ್ನೂ ಸೇರಿಸಿ ಇಡೀ ಗಂಟನ್ನೇ ಹೊತ್ತುಕೊಳ್ಳುತ್ತಾಳೆ. ಇಳಕಲ್ಲಿನ ಮಗ್ಗದ ಮನೆಯಲ್ಲೂ ಇದೇ ನಡೆಯುತ್ತದೆ. ಸೀರೆಯ ಮೈಯ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಜೋಡಿಸುವುದನ್ನು ಕಲಿಯುವ ಹುಡುಗ, ತಂದೆಯ ಬೆರಳಿನ ತಿರುವಿನ ಜೊತೆಗೆ ಅವನು ಕೂರುವ ಭಂಗಿಯನ್ನೂ ಕಲಿಯುತ್ತಾನೆ. ಸಂತೆಯಲ್ಲಿ ಕಾಳು ಆರಿಸಲು ಸಮಯವಿಲ್ಲದವನು ಕಲ್ಲು ಸಮೇತ ಚೀಲ ಹೊತ್ತು ತರುವ ಹಾಗೆ. ಕಲ್ಲನ್ನು ಆಮೇಲೆ ಕೇರಬಹುದು. ಕಾಳನ್ನೇ ಬಿಟ್ಟು ಬಂದರೆ ಉಪವಾಸ. ಮನುಷ್ಯನ ವಿದ್ಯೆಗಳಲ್ಲಿ ಬಹುಪಾಲು ಹೀಗೆ ಕಲ್ಲು ಸಮೇತವೇ ನಮ್ಮವರೆಗೆ ಬಂದಿವೆ.

ಈಗ ಆ ಹುಡುಗನ ಗಡ್ಡವನ್ನು ನೋಡಿ. ನಟ ಗೆದ್ದದ್ದು ಯಾವುದರಿಂದ, ಅಭಿನಯದಿಂದಲೋ, ದುಡಿಮೆಯಿಂದಲೋ, ಗಡ್ಡದಿಂದಲೋ? ಅವನ ಮಿದುಳಿಗೆ ಅದು ತಿಳಿಯದು, ಆದ್ದರಿಂದ ಗಂಟನ್ನೇ ಎತ್ತಿಕೊಂಡಿದೆ. ಗಡ್ಡ ಅವನ ಪಾಲಿನ ಬಳೆ.

ಆದರೆ ಮನೆಯಲ್ಲೇ ಇರುವ ತಂದೆಯನ್ನು ಬಿಟ್ಟು ಆ ನಟನನ್ನೇ ಏಕೆ? ಇದಕ್ಕೆ 2001ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಫ್ರಾನ್ಸಿಸ್ಕೊ ಗಿಲ್-ವೈಟ್ ಎಂಬ ಸಂಶೋಧಕರು ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಯಾರಲ್ಲಿ ವಿದ್ಯೆ ಇದೆ ಎಂದು ಕಲಿಯುವವನು ತಾನೇ ಅಳೆಯಲಾರ. ಹಾಗಾಗಿ ಉಳಿದವರೆಲ್ಲ ಯಾರಿಗೆ ಮರ್ಯಾದೆ ಕೊಟ್ಟು ಕಿವಿಗೊಡುತ್ತಾರೋ ಅವರನ್ನು ಹಿಂಬಾಲಿಸುತ್ತಾನೆ. ದೊಡ್ಡ ಸ್ಥಾನದವರತ್ತ ಕಣ್ಣು ಹೊರಳುವುದು ಎಷ್ಟು ಹಳೆಯದೆಂದರೆ, 2005ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ಗಂಡು ಮಂಗಗಳು ತಮ್ಮ ಗುಂಪಿನ ಬಲಿಷ್ಠರ ಮುಖದ ಚಿತ್ರ ನೋಡಲು ಬಾಯಿಗೆ ಬರುವ ಹಣ್ಣಿನ ರಸದಲ್ಲಿ ಸ್ವಲ್ಪವನ್ನು ಬಿಟ್ಟುಕೊಟ್ಟವು. ಕೆಳದರ್ಜೆಯ ಮಂಗದ ಮುಖ ನೋಡಬೇಕಾದರೆ ಹೆಚ್ಚು ರಸ ಕೇಳಿದವು! ಸಿನಿಮಾ ಟಿಕೆಟ್ಟಿನ ಬೇರು ಎಷ್ಟು ಆಳದಲ್ಲಿದೆ ನೋಡಿ. ಹಳ್ಳಿಯಲ್ಲಿ ಒಬ್ಬ ಒಳ್ಳೆಯ ಕಮ್ಮಾರನ ಸುತ್ತ ಹತ್ತು ಜನ ನಿಂತರೆ ಆ ಹತ್ತು ಜನರ ತೀರ್ಪಿಗೆ ಬೆಲೆಯಿತ್ತು. ಚಿತ್ರಮಂದಿರದ ಮುಂದಿನ ಕಟೌಟು, ಮೊಬೈಲಿನಲ್ಲಿ ಏರುವ ಲಕ್ಷಗಳ ಲೆಕ್ಕ, ಇವು ಅದೇ ಸೂಚನೆಯನ್ನು ಹಣ ಕೊಟ್ಟು ಹಿಗ್ಗಿಸಿದ ರೂಪ.

ಇದೆಲ್ಲ ಮೊಬೈಲು ತಂದ ರೋಗ ಎನ್ನುವವರು ಬಾಲಗಂಧರ್ವರನ್ನು ನೆನಪಿಸಿಕೊಳ್ಳಬೇಕು. ನೂರು ವರ್ಷದ ಹಿಂದೆ ಮರಾಠಿ ರಂಗಭೂಮಿಯಲ್ಲಿ ಅವರು ಸ್ತ್ರೀಪಾತ್ರ ವಹಿಸುತ್ತಿದ್ದರು. ಅವರು ಉಟ್ಟ ಸೀರೆ, ತೊಟ್ಟ ಒಡವೆಗಳನ್ನು ಮನೆತನಸ್ಥ ಹೆಂಗಸರು ಅನುಕರಿಸುತ್ತಿದ್ದರು. ಹೆಣ್ಣು ಹೇಗೆ ಉಡಬೇಕೆಂದು ಹೆಂಗಸರು ಗಂಡಸಿನಿಂದ ಕಲಿತರು! ನಮ್ಮ ಬಾಗಲಕೋಟೆ ಜಿಲ್ಲೆಯ ಬೀಳಗಿಯ ಗೋಹರಬಾಯಿ ಕರ್ನಾಟಕಿ ಬಾಲಗಂಧರ್ವರ ಗಾಯನವನ್ನು ಆರಾಧಿಸಿ, ಆ ಶೈಲಿಯನ್ನು ಗಂಟಲಿಗಿಳಿಸಿಕೊಂಡು, 1930ರ ದಶಕದ ಕೊನೆಗೆ ಅವರದೇ ಮಂಡಳಿಯ ರಂಗವೇರಿದರು. ಅಭಿಮಾನ ಅಲ್ಲಿ ವಿದ್ಯೆಯಾಯಿತು.

ಇನ್ನು ಆ ನಟ ತನ್ನವನೇ, ತನ್ನ ಅಣ್ಣನೇ ಎಂಬ ಭಾವನೆ. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಸಂಶೋಧಕರು, ಟಿವಿಯಲ್ಲಿ ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು ಮಾತಾಡುವವರ ಮೇಲೆ ನೋಡುಗರಿಗೆ ಹುಟ್ಟುವ ಈ ಏಕಮುಖ ಸಲುಗೆಯನ್ನು ವಿವರಿಸಿದರು. ವಿಜಯಪುರದವರಿಗೆ ಇದನ್ನು ತಿಳಿಸುವುದು ಸುಲಭ. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ನಿಂತು ಕೂಗಿ. ನೂರಕ್ಕೂ ಹೆಚ್ಚು ಅಡಿ ಆಚೆಯ ಗೋಡೆಯಿಂದ ಯಾರೋ ಮತ್ತೆ ಮತ್ತೆ ಓಗೊಟ್ಟಂತೆ ಕೇಳುತ್ತದೆ. ಅಲ್ಲಿ ಯಾರೂ ಇಲ್ಲ. ಬಾಗಿದ ಕಲ್ಲು ನಿಮ್ಮ ದನಿಯನ್ನೇ ನಿಮಗೆ ಮರಳಿಸಿದೆ.

2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ, ನಟ ಯಶ್ ಅವರ ಹುಟ್ಟುಹಬ್ಬಕ್ಕೆ ರಾತ್ರಿ ಕಟೌಟು ನಿಲ್ಲಿಸಲು ಹೋದ ಮೂವರು ಯುವಕರು ವಿದ್ಯುತ್ ತಗುಲಿ ತೀರಿಕೊಂಡರು. ಹುಚ್ಚು ಅಭಿಮಾನ ಎಂದು ಜನ ಬೈದರು. ಬೈಯುವ ಮೊದಲು ಒಂದು ಪ್ರಯೋಗವನ್ನು ಕೇಳಿ. 2005ರಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬ ಮನೋವಿಜ್ಞಾನಿಗಳು ಕಂಪ್ಯೂಟರಿನ ಕಾರು ಆಟವೊಂದನ್ನು ಆಡಿಸಿದಾಗ, ಹದಿಹರೆಯದವರು ಗೆಳೆಯರು ಜೊತೆಗಿದ್ದರೆ ಒಬ್ಬರೇ ಇದ್ದುದಕ್ಕಿಂತ ಬಹಳ ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡರು. ಬೆಳೆದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಜೊತೆಗಾರರ ನಡುವೆ, ಕತ್ತಲಲ್ಲಿ, ಮೇಲೆ ತಂತಿ ಹಾದಿರುವಾಗ, ಹರೆಯದ ಮಿದುಳು ತಂತಿಯನ್ನಲ್ಲ, ಗೆಳೆಯರ ಮುಖವನ್ನು ಓದುತ್ತಿರುತ್ತದೆ.

ಇದೇ ಯಂತ್ರ ಬೇರೆ ದಿಕ್ಕಿಗೂ ಓಡುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣುಗಳ ಮುಂಬದಿಯ ಪಾರದರ್ಶಕ ಪೊರೆಯಾದ ಕಾರ್ನಿಯಾವನ್ನು ಪದರಗಳಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಅದರ ಬೆನ್ನಿಗೇ ನೇತ್ರದಾನಕ್ಕೆ ಹೆಸರು ಬರೆಸಲು ರಾಜ್ಯದ ಊರೂರುಗಳಲ್ಲಿ ಜನ ಮುಂದೆ ಬಂದರು. ಅದೇ ದಿನಗಳಲ್ಲಿ, ಜಿಮ್‌ಗೆ ಹೋದದ್ದೇ ಸಾವಿಗೆ ಕಾರಣ ಎಂಬ ಮಾತೂ ಹಬ್ಬಿತು. ಕಾಳೂ ಕಲ್ಲೂ ಒಂದೇ ಚೀಲದಲ್ಲಿ.

ಆ ಹುಡುಗನನ್ನು ಕರೆದು ನಾನು ಬುದ್ಧಿ ಹೇಳಲಿಲ್ಲ. ನಟ ಮೈ ಕಟ್ಟಿದ್ದು ಹೇಗೆಂದು ಕೇಳಿದೆ. ಒಂದು ತಾಸು ವಿವರಿಸಿದ. ನಸುಕಿನಲ್ಲಿ ಏಳುವುದು, ಊಟದ ಲೆಕ್ಕ, ಬೆವರು. ಅದರಲ್ಲಿ ನೀನು ಯಾವುದನ್ನು ಮಾಡುತ್ತೀ ಎಂದೆ. ಸುಮ್ಮನಾದ. ಮರುವಾರ ಅವನನ್ನು ನಮ್ಮ ಊರಿನ ತಾಲೀಮಿಗೆ, ಅಂದರೆ ಕುಸ್ತಿಯ ಗರಡಿಮನೆಗೆ, ಕರೆದೊಯ್ದೆ. ಅಲ್ಲಿನ ಉಸ್ತಾದರ ಎದುರು ಇಪ್ಪತ್ತು ಹುಡುಗರು ಉಸಿರು ಬಿಗಿಹಿಡಿದು ನಿಂತಿದ್ದರು, ಅವನ ಕಣ್ಣು ಅಲ್ಲೇ ನೆಟ್ಟಿತು. ಈಗ ಆರು ತಿಂಗಳಾಯಿತು. ನಸುಕಿನಲ್ಲಿ ಅವನಾಗಿಯೇ ಏಳುತ್ತಾನೆ ಎಂದು ತಾಯಿ ಹೇಳುತ್ತಾರೆ. ತಾಯತವನ್ನು ಕೆಮ್ಮಣ್ಣಿಗೆ ಇಳಿಯುವ ಮೊದಲ ದಿನವೇ ಬಿಚ್ಚಿಟ್ಟನಂತೆ. ಉಸ್ತಾದರಿಗೆ ಹಳೆಯ ಕುಸ್ತಿಯೊಂದರ ಪೆಟ್ಟಿನಿಂದ ಎಡ ಹೆಗಲು ತುಸು ಇಳಿದಿದೆ. ಮೊನ್ನೆ ಓಣಿಯಲ್ಲಿ ಎದುರಾದ ಹುಡುಗ ತಲೆ ಬೋಳಿಸಿಕೊಂಡು, ಎಡ ಹೆಗಲನ್ನು ಇಳಿಬಿಟ್ಟು ನಡೆದು ಬರುತ್ತಿದ್ದ.